ಚಮುನೊರ್ವನ ಎರಡನೆಯ ಮಾವ

ಒಬ್ಬ ಗಂಡಸಿಗೆ ಒಬ್ಬ ಮಾವ ಸಾಕು ಎಂಬ ವಿಷಯದಲ್ಲಿ ನಮ್ಮ ದಾಂದೆ ಸೀಮೆಯಲ್ಲಿ ಎರಡು ಅಭಿಪ್ರಾಯವಿಲ್ಲ. ಇದ್ದ ಒಬ್ಬ ಮಾವನನ್ನೇ ಸಂಭಾಳಿಸಲಾಗದೆ ಹೆಂಡತಿಯನ್ನು ತವರಿಗೆ ಕಳೆದುಕೊಂಡಿದ್ದ ಚಮುನೊರ್ವ, ತಾನಾಗಿಯೇ ಇನ್ನೊಬ್ಬ ಮಾವನನ್ನು, ಅದೂ ಆಸ್ಟ್ರಿಯಾದಿಂದ ಬೇಟೆಗೆ ಬಂದವನನ್ನು, ಮೈಮೇಲೆ ಎಳೆದುಕೊಂಡದ್ದು ಹೇಗೆ ಎಂದು ಜನ ಇಂದಿಗೂ ಕೇಳುತ್ತಾರೆ. ನಾನು ಆ ಬೇಟೆ ಬಿಡಾರದ ಉಗ್ರಾಣ ನೋಡಿಕೊಳ್ಳುವವನು. ಬೇಟೆಗೆ ಹೊರಟವರ ಹಿಂದೆ ನೀರಿನ ಕ್ಯಾನು, ಊಟದ ಡಬ್ಬಿ ಹೊತ್ತು ನಡೆಯುವುದೂ ನನ್ನ ಪಾಲಿಗೇ ಬಿದ್ದ ಕೆಲಸ. ಹೀಗಾಗಿ ಹೆಚ್ಚಿನದನ್ನು ಕಣ್ಣಾರೆ ಕಂಡಿದ್ದೇನೆ. ಕಾಣದ ಭಾಗವನ್ನು ಅಡುಗೆಯವನಿಂದ ಕೇಳಿದ್ದೇನೆ. ಅವನು ಹೇಳಿದ್ದರಲ್ಲಿ ಅರ್ಧ ಕಳೆದು ಉಳಿದದ್ದನ್ನು ಮಾತ್ರ ಇಲ್ಲಿ ಸೇರಿಸಿದ್ದೇನೆ.

ಚಮುನೊರ್ವ ನಮ್ಮ ಬಿಡಾರದಲ್ಲಿ ಜಾಡು ಹಿಡಿಯುವವನು. ನೆಲ ನೋಡಿ, ಹೋದ ಪ್ರಾಣಿ ಗಂಡೋ ಹೆಣ್ಣೋ, ಮುದಿಯೋ ಎಳೆಯದೋ, ಹೊಟ್ಟೆ ತುಂಬಿದೆಯೋ ಇಲ್ಲವೋ ಎಲ್ಲ ಹೇಳುತ್ತಿದ್ದ. ಮನುಷ್ಯರ ಮುಖ ನೋಡಿ ಮಾತ್ರ ಅವನಿಗೆ ಏನೂ ತಿಳಿಯುತ್ತಿರಲಿಲ್ಲ. ಸಜ್ಜೆಯ ಕೊಯ್ಲು ಮುಗಿದ ಮೇಲೆ ಮಾವನ ಮನೆಯಲ್ಲಿ ಊರವರೆಲ್ಲ ಸೇರಿ ಬಿಯರು ಕುಡಿಯುತ್ತಿದ್ದಾಗ, ಚಾಪೆಯ ಮೇಲೆ ಜಾಗ ಸಾಲದೆ, ಅವನು ಮಂಡಿಯಿಂದ ಮಾವನ ಬೆನ್ನನ್ನು ಮೆಲ್ಲಗೆ ನೂಕಿ, ಸ್ವಲ್ಪ ಸರಿ ಮುದುಕಪ್ಪ ಎಂದುಬಿಟ್ಟ. ಬೇರೆ ಕಡೆ ಇದು ಹೇಗೋ ಗೊತ್ತಿಲ್ಲ. ನಮ್ಮಲ್ಲಿ ಅಳಿಯನಾದವನು ಮಾವನ ಎದುರು ನಿಂತು ಮಾತನಾಡುವಂತಿಲ್ಲ. ನೆಲದ ಮೇಲೆ ಕೂತು, ಟೋಪಿ ತೆಗೆದು, ಅಂಗೈ ಜೋಡಿಸಿ ಚಪ್ಪಾಳೆ ತಟ್ಟಿ ಆಮೇಲೆ ಬಾಯಿ ತೆರೆಯಬೇಕು. ಮಾವ ಕಸೆಕೆ ಆ ಹೊತ್ತಿಗೆ ಸುಮ್ಮನೆ ಸರಿದು ಕೂತ. ಮಾರನೆಯ ದಿನ ಮಗಳು ರಿಂದಾಯಿಯನ್ನು ಕರೆಸಿಕೊಂಡ. ನ್ಯಾತಿ ಕುಲದವರಿಗೆ ಮರ್ಯಾದೆ ಕೊಡುವುದನ್ನು ಕಲಿತ ದಿನ ಬಂದು ಹೆಂಡತಿಯನ್ನು ಕರೆದುಕೊಂಡು ಹೋಗಲಿ ಎಂದು ಹೇಳಿ ಕಳಿಸಿದ.

ನ್ಯಾತಿ ಎಂದರೆ ಕಾಡುಕೋಣ. ಕಸೆಕೆಯ ಊರಿನ ಗಂಡಸರೆಲ್ಲ ಕಾಡುಕೋಣದ ಕುಲದವರು. ನಮ್ಮ ಚಮುನೊರ್ವ ಕೋತಿಯ ಕುಲ. ಕುಲದ ಪ್ರಾಣಿಯನ್ನು ಯಾರೂ ತಿನ್ನುವಂತಿಲ್ಲ. ಒಂದು ಕುಲದವರೆಲ್ಲ ಅಣ್ಣತಮ್ಮಂದಿರು, ಎಲ್ಲಿ ಹುಟ್ಟಿರಲಿ, ಮೊದಲು ಮುಖ ನೋಡಿರಲಿ ಬಿಡಲಿ. ಆದ್ದರಿಂದ ಹೆಂಡತಿಯ ಕುಲದ ಯಾವ ಗಂಡಸು ಎದುರಾದರೂ ಅವನು ಮಾವನೇ. ಇಷ್ಟು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಅರ್ಥವಾಗುತ್ತದೆ. ಚಮುನೊರ್ವ ನೆನಪಿಟ್ಟುಕೊಳ್ಳಲಿಲ್ಲ, ಅದೇ ಕತೆ.

ಬೇಟೆಯ ಕಾಲ ಬಂತು. ಸರ್ಕಾರದ ನಿಯಮದಂತೆ ಪ್ರತಿ ಬೇಟೆಯ ಜೊತೆಗೂ ಅರಣ್ಯ ಇಲಾಖೆಯ ಒಬ್ಬ ಗಾರ್ಡ್ ಇರಬೇಕು. ಆ ಸಲ ನಮಗೆ ಬಂದ ಗಾರ್ಡು ಗ್ವಿನ್ಯಾಯಿ, ರಿಂದಾಯಿಯ ತಮ್ಮ. ಅವನ ಹತ್ತಿರ ಬಂದೂಕಿತ್ತು, ಮೊಬೈಲೂ ಇತ್ತು. ಬಿಡಾರದ ಹಿಂದಿನ ದೊಡ್ಡ ಹುತ್ತದ ಮೇಲೆ ಹತ್ತಿದರೆ ಮಾತ್ರ ಸಿಗ್ನಲ್ ಸಿಗುತ್ತಿತ್ತು. ದಿನಾ ಸಂಜೆ ಅವನು ಹುತ್ತ ಹತ್ತಿ ಅಪ್ಪನಿಗೆ ಫೋನು ಮಾಡುತ್ತಿದ್ದ. ಬಂದೂಕಿಗಿಂತ ಚಮುನೊರ್ವನಿಗೆ ಆ ಫೋನಿನ ಭಯವೇ ಹೆಚ್ಚು. ಗ್ವಿನ್ಯಾಯಿಗೆ ಮೊದಲು ಚಹಾ ಕೊಡಿಸುವುದು, ಅವನ ಬೂಟಿನ ಮಣ್ಣು ಒರೆಸುವುದು, ತನಗಿಂತ ಚಿಕ್ಕವನಾದರೂ ಬಹುವಚನದಲ್ಲಿ ಮಾತನಾಡಿಸುವುದು, ಎಲ್ಲ ಶುರುವಾಯಿತು.

ಬೇಟೆಗೆ ಬಂದವರು ಲೈಟ್ನರ್ ಸಾಹೇಬರು. ಊರಿನಲ್ಲಿ ಬಚ್ಚಲುಮನೆಯ ಟೈಲ್ಸ್ ವ್ಯಾಪಾರ. ದಪ್ಪ ಕತ್ತು, ಕೆಂಪು ಮುಖ, ಒಳ್ಳೆಯ ಸ್ವಭಾವ. ಜೊತೆಗೆ ಹೆಂಡತಿ ಗರ್ಟ್ರೂಡ್ ಅಮ್ಮ, ಕೊರಳಲ್ಲಿ ಕ್ಯಾಮೆರಾ. ಸಾಹೇಬರಿಗೆ ಬೇಕಾಗಿದ್ದದ್ದು ಒಂದು ಮುದಿ ಕಾಡುಕೋಣ. ಅವರನ್ನು ಕರೆದೊಯ್ಯುವ ಶಿಕಾರಿ ಬೇಸಿಲ್ ಇಲ್ಲೇ ಹುಟ್ಟಿ ಬೆಳೆದ ಬಿಳಿಯ. ನಮ್ಮ ಭಾಷೆಯಲ್ಲಿ ಅವನ ಬೈಗುಳ ನಮಗಿಂತ ಶುದ್ಧ.

ಮೊದಲ ದಿನ ಮುಸ್ಸಂಜೆ ಎಲ್ಲರೂ ಬೆಂಕಿಯ ಸುತ್ತ ಕೂತಿದ್ದರು. ಲೈಟ್ನರ್ ಸಾಹೇಬರು ಒಬ್ಬೊಬ್ಬರ ಕುಲ ಯಾವುದು ಎಂದು ಕೇಳುತ್ತಾ ಬಂದರು. ಎಲ್ಲ ಕುಲಗಳಲ್ಲಿ ದೊಡ್ಡದು ಯಾವುದು ಎಂದು ಕೇಳಿದಾಗ ಚಮುನೊರ್ವನಿಗೆ ಒಂದು ಅವಕಾಶ ಕಂಡಿತು. ಎದುರಿಗೇ ಗ್ವಿನ್ಯಾಯಿ ಕೂತಿದ್ದ. ನ್ಯಾತಿಗಳಷ್ಟು ಧೈರ್ಯವಂತರು ಇಲ್ಲ, ನ್ಯಾತಿಗಳಷ್ಟು ಉದಾರಿಗಳು ಇಲ್ಲ, ನದಿ ಕೂಡ ನ್ಯಾತಿಗಳನ್ನು ಕೇಳಿ ಹರಿಯುತ್ತದೆ ಎಂದೆಲ್ಲ ಹೊಗಳಿದ. ಗ್ವಿನ್ಯಾಯಿ ತಲೆಯಾಡಿಸುತ್ತಿದ್ದ. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಹೊಗಳಿಕೆ ಬೆಂಕಿ ಇದ್ದ ಹಾಗೆ, ಕಟ್ಟಿಗೆ ಮುಗಿದ ಮೇಲೆ ಅದರ ಕಣ್ಣು ಮನೆಯ ತೊಲೆಯ ಮೇಲೆ ಬೀಳುತ್ತದೆ.

“ಈ ಸಾಹೇಬರ ಕತ್ತು ನೋಡಿ,” ಎಂದ ಚಮುನೊರ್ವ. “ಇವರು ಎಲ್ಲೇ ಹುಟ್ಟಿರಲಿ, ನ್ಯಾತಿಗಳೇ.”

ಬೇಸಿಲ್ ಇದನ್ನು ತಿಳಿಸಿ ಹೇಳಿದ. ಲೈಟ್ನರ್ ಸಾಹೇಬರ ಕಣ್ಣು ತುಂಬಿ ಬಂತು. ಎದ್ದು ಎಲ್ಲರ ಕೈ ಕುಲುಕಿದರು. ತಮ್ಮ ಊರಿನಲ್ಲಿ ತಮಗೆ ಇಷ್ಟು ಬೇಗ ಯಾರೂ ಏನೂ ಕೊಟ್ಟಿರಲಿಲ್ಲವಂತೆ. ಕೈ ಕುಲುಕುವುದು ಮುಗಿಯುವವರೆಗೆ ಗ್ವಿನ್ಯಾಯಿ ಹಲ್ಲಿನ ಸಂದಿಯಿಂದ ಮಾಂಸದ ಎಳೆ ತೆಗೆಯುತ್ತಿದ್ದ. ಆಮೇಲೆ ನಿಧಾನವಾಗಿ ಕೇಳಿದ:

“ಸರಿ ಭಾವ. ಹಾಗಾದ್ರೆ ಇವರು ನಿನಗೆ ಏನಾಗ್ಬೇಕು?”

ಚಮುನೊರ್ವ ಬೆಂಕಿಯ ಕಟ್ಟಿಗೆ ಸರಿಪಡಿಸತೊಡಗಿದ. ಕೇಳಿದ ಪ್ರಶ್ನೆಯನ್ನು ಹಾಗೇ ಬಿಡಲು ಅಡುಗೆಯವನಿಗೆ ಬರುವುದಿಲ್ಲ. “ಮಾವ,” ಎಂದು ಅವನೇ ಉತ್ತರ ಕೊಟ್ಟ. ಗರ್ಟ್ರೂಡ್ ಅಮ್ಮನ ಕಡೆ ಸೌಟು ತೋರಿಸಿ, “ಅವರು ಅತ್ತೆ,” ಎಂದೂ ಸೇರಿಸಿದ.

ಎಲ್ಲರಿಗಿಂತ ಜೋರಾಗಿ ನಕ್ಕವನು ಬೇಸಿಲ್. ಬೆಂಕಿಯ ಮುಂದಿನ ಮಾತು ಬೆಂಕಿಯ ಜೊತೆಗೇ ಆರುತ್ತದೆ ಎಂದು ಅವನು ತಿಳಿದಿದ್ದ. ಗ್ವಿನ್ಯಾಯಿ ಆಗಲೇ ಹುತ್ತದ ಕಡೆ ಹೊರಟಿದ್ದ.

ಬೆಳಿಗ್ಗೆ ಲೈಟ್ನರ್ ಸಾಹೇಬರು ಚಹಾಕ್ಕೆ ಬಂದಾಗ ಚಮುನೊರ್ವ ದಾರಿಯಲ್ಲಿ ನೆಲದ ಮೇಲೆ ಕೂತು ಚಪ್ಪಾಳೆ ತಟ್ಟಿದ. ಸಾಹೇಬರು ಬೆಚ್ಚಿ, ಆಮೇಲೆ ಸಂತೋಷಪಟ್ಟು, ತಾವೂ ಕೂರಲು ಹೋದರು. ಮಾವನಾದವನು ಕೂರಬಾರದು, ಸುಮ್ಮನೆ ತಲೆಯಾಡಿಸಬೇಕು ಎಂದು ಗ್ವಿನ್ಯಾಯಿ ಕಲಿಸಿಕೊಟ್ಟ. ಸಾಹೇಬರು ತಲೆಯಾಡಿಸುವುದನ್ನು ಬಹಳ ಬೇಗ ಕಲಿತರು. ಗರ್ಟ್ರೂಡ್ ಅಮ್ಮನದು ಇನ್ನೂ ಕಷ್ಟ. ಅಳಿಯನು ಅತ್ತೆಯ ಕೈ ಮುಟ್ಟುವಂತಿಲ್ಲ, ಎದುರಿಗೆ ತಿನ್ನುವಂತಿಲ್ಲ. ಆ ತಾಯಿಯೋ ಒಳ್ಳೆಯ ಮನಸ್ಸಿನವರು, ಒಂದು ಕೈಯಲ್ಲಿ ಬಿಸ್ಕತ್ತು ಹಿಡಿದು ಇನ್ನೊಂದು ಕೈ ಚಾಚಿ ಬಂದರು. ಚಮುನೊರ್ವ ಹಿಂದೆ ಹಿಂದೆ ಸರಿದ. ಅವರು ಮುಂದೆ ಮುಂದೆ ಬಂದರು. ಚಹಾದ ಮೇಜು ಅಡ್ಡ ಬಂತು. ಒಡೆದ ಕಪ್ಪುಗಳಿಗೆ ಉಗ್ರಾಣದವನೇ ಉತ್ತರ ಹೇಳಬೇಕಾದ್ದರಿಂದ ಆ ಬೆಳಗ್ಗೆ ನನಗೆ ಚೆನ್ನಾಗಿ ನೆನಪಿದೆ.

ಜೀಪಿನಲ್ಲಿ ಜಾಡು ಹಿಡಿಯುವವನ ಸೀಟು ಎಲ್ಲರಿಗಿಂತ ಮೇಲೆ, ಹಿಂದುಗಡೆ. ಎತ್ತರದಿಂದ ಕಾಡು ಕಾಣಲಿ ಎಂದು. ಅದರ ಕೆಳಗೆ ಅತಿಥಿಗಳು ಕೂರುತ್ತಾರೆ. ಚಮುನೊರ್ವ ಹತ್ತಲಿಲ್ಲ. ಜೀಪು ಹೊರಟಾಗ ಪಕ್ಕದಲ್ಲಿ ಓಡಿದ. ಸ್ವಲ್ಪ ದೂರ ಹೋದ ಮೇಲೆ ಬೇಸಿಲ್ ನಿಲ್ಲಿಸಿ, ಇದೇನು ಹೊಸ ಆಟ ಎಂದು ಕೇಳಿದ.

“ಅತ್ತೆಯ ತಲೆಯ ಮೇಲೆ ಹೋಗಿ ಕೂತ್ರೆ, ಸಂಜೆ ಫೋನು ಹೋದ ಮೇಲೆ ನನ್ನ ತಲೆ ಎಲ್ಲಿರುತ್ತೆ ಸಾರ್?” ಎಂದ ಚಮುನೊರ್ವ, ಏದುಸಿರು ಬಿಡುತ್ತಾ.

ಕೊನೆಗೆ ಒಂದು ಒಪ್ಪಂದವಾಯಿತು. ಗರ್ಟ್ರೂಡ್ ಅಮ್ಮ ಮೇಲಿನ ಸೀಟಿನಲ್ಲಿ ಕೂತರು. ಚಮುನೊರ್ವ ಜೀಪಿನ ಹಿಂಬಾಗಿಲ ಹತ್ತಿರ, ಕೆಳಗೆ, ಹಿಂದಕ್ಕೆ ಮುಖ ಮಾಡಿ ಕೂತ. ಅಲ್ಲಿಂದಾಚೆಗೆ ನಮಗೆ ಪ್ರಾಣಿಗಳು ದಾಟಿ ಹೋದ ಮೇಲೆ ಕಾಣತೊಡಗಿದವು.

ಕಾಲ್ನಡಿಗೆಯಲ್ಲಿ ತೊಂದರೆ ಇಮ್ಮಡಿಯಾಯಿತು. ಜಾಡು ಹಿಡಿಯುವವನು ಮುಂದಿರಬೇಕು, ಅಳಿಯನಾದವನು ಹಿಂದಿರಬೇಕು. ಚಮುನೊರ್ವ ಹಿಂದೆಯೇ ಉಳಿದ. ಮುಂದೆ ನಡೆದ ಲೈಟ್ನರ್ ಸಾಹೇಬರು ಹೆಜ್ಜೆಗಳ ಮೇಲೆಯೇ ಕಾಲಿಟ್ಟು ಅಳಿಸುತ್ತಾ ಹೋದರು. ಹೇಳಿ ತಿದ್ದೋಣವೆಂದರೆ, ಎಡಕ್ಕೆ ತಿರುಗಿ ಎನ್ನುವುದು ಅಪ್ಪಣೆ. ಮಾವನಿಗೆ ಅಪ್ಪಣೆ ಕೊಡುವ ಅಳಿಯ ಇನ್ನೂ ಹುಟ್ಟಿಲ್ಲ. ಅದಕ್ಕೆ ಅವನು, ಎಡಗಡೆ ಹೋದವರಿಗೆ ಒಳ್ಳೆಯದಾಗುತ್ತದೆ ಎಂದು ಹಿರಿಯರು ಹೇಳುತ್ತಿದ್ದರು ಎನ್ನುತ್ತಿದ್ದ. ಬೇಸಿಲ್ ಅದನ್ನು ಅನುವಾದಿಸುವಷ್ಟರಲ್ಲಿ ಎಡಗಡೆ ಇದ್ದದ್ದು ಬಲಗಡೆಗೆ ಹೋಗಿರುತ್ತಿತ್ತು. ನಮ್ಮ ಬಿಡಾರದ ಪಳಗಿದ ಶಿಕಾರಿ ಬೇಸಿಲ್, ಕಾಡಿನ ಮಧ್ಯೆ ನಿಂತು ತಲೆಯ ಮೇಲೆ ಕೈ ಇಟ್ಟುಕೊಂಡದ್ದನ್ನು ನಾನು ಮೊದಲ ಬಾರಿಗೆ ನೋಡಿದೆ.

ಅವನು ಗದರಿಸಿ ನೋಡಿದ. ಕೆಲಸದಿಂದ ತೆಗೆಯುತ್ತೇನೆ ಎಂದ. ಚಮುನೊರ್ವ ಅದಕ್ಕೂ ಒಪ್ಪಿದ. ಕೆಲಸ ಇನ್ನೊಂದು ಸಿಗುತ್ತದೆ, ರಿಂದಾಯಿ ಇನ್ನೊಬ್ಬಳು ಎಲ್ಲಿ ಸಿಗುತ್ತಾಳೆ ಎಂದು ಕೇಳಿದ. ಬೇಸಿಲ್ ಗದರಿಸುವುದನ್ನು ಬಿಟ್ಟ. ಅವನ ಹೆಂಡತಿಯೂ ರಾಜಧಾನಿಯಲ್ಲಿ ತಾಯಿಯ ಮನೆಯಲ್ಲಿದ್ದಳು.

ಆದರೂ ಒಂದು ದಿನ ಅದೃಷ್ಟ ತಾನಾಗಿ ಎದುರಿಗೆ ಬಂದು ನಿಂತಿತು. ಒಣಗಿದ ಹಳ್ಳದ ಆಚೆ, ಹುಣಸೆ ಮರದ ನೆರಳಿನಲ್ಲಿ, ಒಂದು ಮುದಿ ಕೋಣ. ಕೆಸರು ಮೆತ್ತಿದ ಮೈ, ಅಗಲವಾದ ಕೊಂಬು. ಗಾಳಿ ನಮ್ಮ ಕಡೆಗೆ ಬೀಸುತ್ತಿತ್ತು. ಬೇಸಿಲ್ ಸದ್ದಿಲ್ಲದೆ ಮೂರು ಕಾಲಿನ ಕೋಲನ್ನು ನೆಟ್ಟ. ಲೈಟ್ನರ್ ಸಾಹೇಬರು ಅದರ ಮೇಲೆ ಬಂದೂಕು ಇಟ್ಟರು. ಧೈರ್ಯಕ್ಕೆಂದು ಒಮ್ಮೆ ಹಿಂದಿರುಗಿ ನೋಡಿದರು. ಚಮುನೊರ್ವನ ಮುಖ ಕಂಡಿತು. ಕಲಿತ ಮರ್ಯಾದೆ ಮರೆಯದೆ, ಅಷ್ಟು ದಿನವೂ ಮಾಡಿದ ಹಾಗೆ, ಗಂಭೀರವಾಗಿ ತಲೆಯಾಡಿಸಿದರು.

ಮಾವ ತಲೆಯಾಡಿಸಿದರೆ ಅಳಿಯ ಏನು ಮಾಡಬೇಕು? ಚಮುನೊರ್ವ ನನ್ನ ಕಡೆ ನೋಡಿದ. ಬೇಸಿಲ್ ಕಡೆ ನೋಡಿದ. ಕೊನೆಗೆ ಗ್ವಿನ್ಯಾಯಿ ಕಡೆ ನೋಡಿದ. ಗ್ವಿನ್ಯಾಯಿ ಅವನನ್ನೇ ನೋಡುತ್ತಿದ್ದ. ಚಮುನೊರ್ವ ನೆಲದ ಮೇಲೆ ಕೂತು, ಟೋಪಿ ತೆಗೆದು, ಚಪ್ಪಾಳೆ ತಟ್ಟಿದ.

ಹಾಗೆ ಓಡಿದ ಕೋಣವನ್ನು ನಾನು ನೋಡಿಲ್ಲ. ಜೊತೆಗೆ ನಮಗೆ ಕಾಣದೆ ಪೊದೆಯಲ್ಲಿ ಮಲಗಿದ್ದ ಇನ್ನಷ್ಟು ಕೋಣಗಳೂ ಓಡಿದವು. ಧೂಳು ಇಳಿದ ಮೇಲೆ ಬೇಸಿಲ್ ನಮ್ಮ ಭಾಷೆಯಲ್ಲಿ ಬಹಳ ಹೊತ್ತು ಮಾತನಾಡಿದ. ಅದನ್ನು ಬರೆಯುವುದಿಲ್ಲ. ಅಂದು ಸಂಜೆ ಹುತ್ತದ ಮೇಲಿಂದ ಇಳಿದು ಬಂದ ಗ್ವಿನ್ಯಾಯಿ ಮಾತ್ರ ಭಾವನ ಬೆನ್ನು ತಟ್ಟಿದ. ಅಪ್ಪನಿಗೆ ಸಂತೋಷವಾಗಿದೆ, ಹೊಸ ನ್ಯಾತಿಯನ್ನು ನೋಡಲು ನಾಳಿದ್ದು ಬರುತ್ತಾರೆ ಎಂದ.

ಅಷ್ಟರಲ್ಲಿ ಲೈಟ್ನರ್ ಸಾಹೇಬರಿಗೂ ಒಂದು ಸಂಶಯ ಹತ್ತಿತ್ತು. ನ್ಯಾತಿಗಳು ಕೋಣದ ಮಾಂಸ ತಿನ್ನುವುದಿಲ್ಲ ಎಂದು ಕೇಳಿದಂದಿನಿಂದ ಅವರು ಒಣಮಾಂಸದ ತಟ್ಟೆಯನ್ನು ದೂರ ಸರಿಸುತ್ತಿದ್ದರು. ತಿನ್ನಬಾರದಾದರೆ ಹೊಡೆಯಬಹುದೇ ಎಂದು ಈಗ ಗ್ವಿನ್ಯಾಯಿಯನ್ನು ಕೇಳಿದರು. ಅದನ್ನು ಅಪ್ಪನೇ ಹೇಳಬೇಕು ಎಂದ ಗ್ವಿನ್ಯಾಯಿ. ಬೇಸಿಲ್ ಎದ್ದು ತನ್ನ ಡೇರೆಗೆ ಹೋದ.

ಕಸೆಕೆ ಬಂದ. ಬಿಳಿ ಅಂಗಿ, ಕೈಯಲ್ಲಿ ಕೋಲು. ಹಿಂದೆ ಇಬ್ಬರು ಹಿರಿಯರು. ಅವರ ಹಿಂದೆ ಉಡುಗೊರೆಯ ಕೋಳಿ ಹಿಡಿದ ರಿಂದಾಯಿ, ತಲೆಯ ಮೇಲೆ ಒಂದು ಗಂಟು. ಕೋಳಿ ಕೊಟ್ಟು ಹೋಗುವವಳಿಗೆ ಗಂಟು ಯಾಕೆ ಎಂದು ಯಾರೂ ಕೇಳಲಿಲ್ಲ. ಅವಳ ಹಿಂದೆ ಬೇಸಿನ್ ಹಿಡಿದ ಅತ್ತಿಗೆಯರ ದಂಡು. ನಮ್ಮ ಬಿಡಾರದಲ್ಲಿ ಹೊಡೆದ ಕೋಣದ ಮಾಂಸ ಆ ಊರಿಗೆ ಸಲ್ಲುತ್ತದೆ. ಊರಿನ ಗಂಡಸರು ನ್ಯಾತಿಗಳು, ಮುಟ್ಟುವುದಿಲ್ಲ. ಆದರೆ ಸೊಸೆಯರೆಲ್ಲ ಬೇರೆ ಕುಲದಿಂದ ಬಂದವರು. ಗಂಡಂದಿರ ಕುಲದ ಮೇಲೆ ಅವರಿಗೆ ಮೊದಲಿನಿಂದಲೂ ಬಹಳ ರುಚಿ.

ಕುಶಲ ಮುಗಿದ ಮೇಲೆ ಇಬ್ಬರು ನ್ಯಾತಿಗಳಲ್ಲಿ ದೊಡ್ಡವರು ಯಾರು ಎಂಬ ಪ್ರಶ್ನೆ ಬಂತು. ಕಸೆಕೆ ಹುಟ್ಟಿದ್ದು ನದಿಗೆ ದೊಡ್ಡ ನೆರೆ ಬಂದ ಮಾರನೆಯ ವರ್ಷ. ಬೇಸಿಲ್ ಲೆಕ್ಕ ಹಾಕಿ ನೋಡಿದ. ನೆರೆಯ ಹೊತ್ತಿಗೆ ಲೈಟ್ನರ್ ಸಾಹೇಬರು ಶಾಲೆಗೆ ಹೋಗುತ್ತಿದ್ದರು. ಹಾಗಾದರೆ ಅಣ್ಣ. ಕಸೆಕೆಗೆ ಇದು ಅಷ್ಟೇನೂ ಹಿಡಿಸಲಿಲ್ಲ. ಆದರೂ ಊರಿನವರ ಎದುರು ಎತ್ತರದ ಕುರ್ಚಿ ಬಿಟ್ಟು ಸ್ಟೂಲಿನ ಮೇಲೆ ಕೂತ. ಬಿಳಿಯ ಅಣ್ಣ ಸಿಕ್ಕ ನಂತರ ಹೆಮ್ಮೆಗೆ ಸ್ವಲ್ಪ ಬೆಲೆ ತೆರಬೇಕಲ್ಲ.

ಅವನು ಸ್ಟೂಲಿನ ಮೇಲೆ ಕೂತದ್ದನ್ನು ರಿಂದಾಯಿ ನೋಡಿದಳು. ಕೋಳಿಯನ್ನು ಅಡುಗೆಯವನ ಕೈಗೆ ಕೊಟ್ಟಳು. ಗಂಟು ಇಳಿಸಿದಳು. ನೇರವಾಗಿ ಲೈಟ್ನರ್ ಸಾಹೇಬರ ಮುಂದೆ ಹೋಗಿ ಮಂಡಿಯೂರಿದಳು.

“ದೊಡ್ಡಪ್ಪ, ನಾನು ನಿಮ್ಮ ಮಗಳು. ಗಂಡನ ಮನೆಗೆ ಹೋಗ್ಲಾ, ಇಲ್ಲ ಅತ್ತಿಗೆಯರ ಸಜ್ಜೆ ಕುಟ್ಕೊಂಡು ತವರಲ್ಲೇ ಮುದುಕಿ ಆಗ್ಲಾ? ಅಪ್ಪನಿಗಿಂತ ದೊಡ್ಡವರು ನೀವು. ಒಂದು ಮಾತು ಹೇಳಿ.”

ಕಸೆಕೆಯ ಕೋಲು ನೆಲದ ಮೇಲೆ ಗೆರೆ ಎಳೆಯುತ್ತಿದ್ದದ್ದು ನಿಂತಿತು. ದೂರದಲ್ಲಿ ನೆಲದ ಮೇಲೆ ಕೂತಿದ್ದ ಚಮುನೊರ್ವನಿಗೆ ಇದೇನೆಂದು ಅರ್ಥವಾಗಲಿಲ್ಲ. ಅವಳು ಯಾಕೆ ಅಷ್ಟು ಹೊತ್ತು ಮಂಡಿಯೂರಿದ್ದಾಳೆ, ಕಾಲು ನೋಯುವುದಿಲ್ಲವೇ ಎಂದು ನನ್ನನ್ನು ಕೇಳಿದ.

ಬೇಸಿಲ್ ಎಲ್ಲವನ್ನೂ ಹೇಳಿ ಮುಗಿಸಿದ. ಲೈಟ್ನರ್ ಸಾಹೇಬರು, ಹುಡುಗನ ತಪ್ಪೇನು ಎಂದು ಕೇಳಿದರು. ಕಸೆಕೆ ಮಂಡಿಯ ವಿಷಯ, ಚಾಪೆಯ ವಿಷಯ, ಮುದುಕಪ್ಪ ಎಂಬ ಮಾತಿನ ವಿಷಯ ವಿವರಿಸಿದ. ನ್ಯಾತಿಗಳ ಮರ್ಯಾದೆ ಇವನಿಗೆ ಗೊತ್ತಿಲ್ಲ ಎಂದ. ಸಾಹೇಬರು ಎದ್ದು ನಿಂತರು. ಟೈಲ್ಸ್ ಮಾರಿ ಪಳಗಿದ ಗಂಟಲು.

“ಇವನಿಗೆ ಮರ್ಯಾದೆ ಗೊತ್ತಿಲ್ವಾ? ನಾನು ಬಂದಾಗಿನಿಂದ ಇವನು ಜೀಪಿನಲ್ಲಿ ನೆಟ್ಟಗೆ ಕೂತಿಲ್ಲ. ನನ್ನ ಹೆಂಡತಿಯ ಮುಂದೆ ಒಂದು ಬಿಸ್ಕತ್ತು ತಿಂದಿಲ್ಲ. ಇವನ ಮರ್ಯಾದೆಯಿಂದಾಗಿ ನನಗೆ ಒಂದು ಕೋಣ ಸಿಕ್ಕಿಲ್ಲ. ಇದಕ್ಕಿಂತ ಹೆಚ್ಚು ಮರ್ಯಾದೆಯನ್ನ ನನ್ನ ಕೈಲಿ ತಡ್ಕೊಳ್ಳೋಕಾಗಲ್ಲ. ದಯವಿಟ್ಟು ಹುಡುಗಿಯನ್ನ ಕಳಿಸಿಕೊಡಿ.”

ಬೇಸಿಲ್ ಇದನ್ನು ಅನುವಾದಿಸುವಾಗ ದನಿಯಲ್ಲಿ ಸ್ವಂತ ಸಂಕಟವೂ ಸೇರಿಕೊಂಡಿತ್ತು. ಗ್ವಿನ್ಯಾಯಿಯನ್ನು ಸಾಕ್ಷಿ ಕೇಳಿದರು. ದಿನಾ ಫೋನಿನಲ್ಲಿ ಹೇಳಿದ್ದನ್ನು ಈಗ ಇಲ್ಲ ಎನ್ನಲಾಗದೆ ಅವನೂ ನಿಜ ಎಂದ. ಕಸೆಕೆ ಹಿರಿಯರ ಕಡೆ ನೋಡಿದ. ಹಿರಿಯರು ಮೋಡ ಬರುತ್ತದೆಯೇ ಎಂದು ಆಕಾಶ ನೋಡುತ್ತಿದ್ದರು.

ಆದರೆ ಕಸೆಕೆ ಅಷ್ಟು ಸುಲಭದ ಮನುಷ್ಯನಲ್ಲ. ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಹೇಳಿದ:

“ಅಣ್ಣನ ಮಾತು ನಾನು ಮೀರೋದಿಲ್ಲ. ಆದ್ರೆ ಅಣ್ಣ ಪೂರ್ತಿ ಅಣ್ಣ ಆಗ್ಬೇಕು. ನ್ಯಾತಿ ಹೌದಾದ್ರೆ ಮಗಳನ್ನ ಕಳಿಸ್ಲಿ, ಕೋಣದ ಮೇಲೆ ಬಂದೂಕು ಎತ್ತೋದು ಬಿಡ್ಲಿ. ನ್ಯಾತಿ ಅಲ್ಲದಿದ್ರೆ ಕೋಣ ಹೊಡೀಲಿ, ನಮ್ಮ ಮಗಳ ಮಾತು ಬೇಡ.”

ಬೇಸಿಲ್ ಅನುವಾದಿಸಿದ. ಲೈಟ್ನರ್ ಸಾಹೇಬರು ಕೂತುಬಿಟ್ಟರು. ಹಣ ಕಟ್ಟಿ, ಸಮುದ್ರ ದಾಟಿ, ಕೋಣಕ್ಕಾಗಿಯೇ ಬಂದವರು. ಮನೆಯ ಗೋಡೆಯ ಮೇಲೆ ಕೊಂಬಿಗೆ ಮೊಳೆ ಹೊಡೆದು ಬಂದಿದ್ದಾರೆ ಎಂದು ಗರ್ಟ್ರೂಡ್ ಅಮ್ಮ ನಮಗೆ ಮೊದಲ ದಿನವೇ ಹೇಳಿದ್ದರು. ಬೇಸಿನ್ ಹಿಡಿದ ಅತ್ತಿಗೆಯರಲ್ಲಿ ಗುಸುಗುಸು ಎದ್ದಿತು. ಅವರ ಒಲವು ಸ್ಪಷ್ಟವಾಗಿ ಕೋಣದ ಕಡೆಗಿತ್ತು. ಇಷ್ಟು ದಿನ ಇದ್ದವಳು ಇನ್ನೊಂದು ತಿಂಗಳು ಇದ್ದರೇನು, ನಾವು ಮಾಂಸ ತಿಂದ ಮೇಲೆ ಹೋಗಲಿ ಎಂದು ಹಿರಿಯತ್ತಿಗೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಸಜ್ಜೆ ಕುಟ್ಟುವ ಕೈ ಅಷ್ಟು ಬೇಗ ಮನೆಯಿಂದ ಹೋಗುವುದು ಅವಳಿಗೆ ಇಷ್ಟವಿರಲಿಲ್ಲ ಎಂದು ಅಡುಗೆಯವನ ಅಭಿಪ್ರಾಯ. ಈ ಒಂದು ಅಭಿಪ್ರಾಯವನ್ನು ನಾನು ಪೂರ್ತಿ ಒಪ್ಪುತ್ತೇನೆ.

ಲೈಟ್ನರ್ ಸಾಹೇಬರು ಹೆಂಡತಿಯ ಮುಖ ನೋಡಿದರು. ಅಲ್ಲಿ ಏನು ಕಂಡಿತೋ, ಸುಮ್ಮನೆ ಚಮುನೊರ್ವನ ಕಡೆ ತಿರುಗಿದರು. ಅಳಿಯನೇ ಹೇಳಲಿ, ಅವನು ಹೇಳಿದ ಹಾಗೆ ಆಗಲಿ ಎಂದರು.

ಎಲ್ಲರೂ ಚಮುನೊರ್ವನನ್ನು ನೋಡಿದರು. ಉತ್ತರ ಹೇಳಲು ಒಂದು ಉಸಿರು ಸಾಕಾಗಿತ್ತು. ಆದರೆ ಅಂದು ಬೆಳಿಗ್ಗೆಯೇ ಬಿಡಾರದ ಕೆಳಗೆ, ನದಿಯ ಮರಳಿನಲ್ಲಿ, ಒಂಟಿ ಕೋಣವೊಂದರ ಜಾಡು ಅವನಿಗೆ ಕಂಡಿತ್ತು. ಅಂಥ ಹೆಜ್ಜೆ ತನ್ನ ಜನ್ಮದಲ್ಲಿ ನೋಡಿಲ್ಲ ಎಂದು ನನ್ನೊಬ್ಬನಿಗೆ ಹೇಳಿದ್ದ. ಮಾವನಿಗೆ ಹೇಗೆ ಹೇಳುವುದು, ಅಪ್ಪಣೆ ಕೊಟ್ಟ ಹಾಗಾಗುತ್ತದೆ ಎಂದು ಒದ್ದಾಡುತ್ತಿದ್ದ. ಈಗ ಅವನು ನದಿಯ ಕಡೆ ಒಮ್ಮೆ ನೋಡಿದ. ಅವನ ಬಲಗೈ ಅವನಿಗೆ ತಿಳಿಯದೆ ಮಣ್ಣಿನ ಮೇಲೆ ಒಂದು ದುಂಡನೆಯ ಗುರುತು ಬರೆಯತೊಡಗಿತು.

ರಿಂದಾಯಿ ಇನ್ನೂ ಮಂಡಿಯೂರಿಯೇ ಇದ್ದಳು. ಅವಳು ತಲೆ ತಿರುಗಿಸಿ ಗಂಡನ ಕೈಯನ್ನು ನೋಡಿದಳು. ಅವಳೂ ಆ ಕಾಡಿನ ಊರಿನವಳೇ. ಆ ಗುರುತು ಏನೆಂದು ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ನನ್ನದೇ ಸಂಸಾರವೋ ಎನ್ನುವಂತೆ ನಾನು ಅವನ ಪಕ್ಕೆಗೆ ತಿವಿದೆ.

“ಹೆಂಡತಿ, ಮಾವಯ್ಯ,” ಎಂದ ಚಮುನೊರ್ವ, ಚಪ್ಪಾಳೆ ತಟ್ಟಿ. ಎಲ್ಲರೂ ಉಸಿರು ಬಿಟ್ಟರು. ಆದರೆ ಅವನದು ಮುಗಿದಿರಲಿಲ್ಲ. “ಆದ್ರೂ ಹೆಜ್ಜೆ ಇಷ್ಟಗಲ ಇತ್ತು,” ಎಂದು ಎರಡು ಕೈಯಿಂದ ಅಳತೆ ತೋರಿಸಿದ.

ಬೇಸಿಲ್ ಮೊದಲನೆಯ ಮಾತನ್ನು ಮಾತ್ರ ಅನುವಾದಿಸಿದ. ಎರಡನೆಯದಕ್ಕೆ ಅನುವಾದ ಬೇಕಿರಲಿಲ್ಲ. ಲೈಟ್ನರ್ ಸಾಹೇಬರು ಆ ಎರಡು ಕೈಗಳ ನಡುವಿನ ಜಾಗವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬಂದೂಕಿನ ಪೆಟ್ಟಿಗೆ ತರಿಸಿ, ಬಂದೂಕನ್ನು ಒಳಗಿಟ್ಟು, ಮುಚ್ಚಳ ಹಾಕಿ ಅದರ ಮೇಲೆ ಕೂತರು. ಗರ್ಟ್ರೂಡ್ ಅಮ್ಮ ಅವರ ಹೆಗಲ ಮೇಲೆ ಕೈ ಇಟ್ಟರು. ಕಸೆಕೆ ಅಣ್ಣನ ಎದುರು ಟೋಪಿ ತೆಗೆದ. ಅತ್ತಿಗೆಯರು ಖಾಲಿ ಬೇಸಿನ್‌ಗಳನ್ನು ತಲೆಯ ಮೇಲೆ ಕವುಚಿ ಹಾಕಿಕೊಂಡು, ಬಿಸಿಲಿಗಾದರೂ ಆಯಿತು ಎನ್ನುತ್ತಾ ಹೊರಟರು.

ರಿಂದಾಯಿ ಎದ್ದು ಬಟ್ಟೆಯ ಧೂಳು ಕೊಡವಿದಳು. ಗಂಟನ್ನು ತಂದು ಗಂಡನ ತಲೆಯ ಮೇಲಿಟ್ಟಳು. ಗಂಡನ ಊರಿನ ದಾರಿ ಹಿಡಿದಳು. ಅವನು ಹಿಂದೆ ನಡೆದ. ದಾರಿ ನದಿಯ ಮರಳಿನ ಪಕ್ಕದಲ್ಲೇ ಹೋಗುತ್ತದೆ. ನಾನು ಬಿಡಾರದ ಅಂಚಿನಲ್ಲಿ ನಿಂತು ನೋಡುತ್ತಿದ್ದೆ. ಸ್ವಲ್ಪ ದೂರ ಹೋಗಿ ಚಮುನೊರ್ವ ನಿಧಾನ ಮಾಡಿದ. ತಲೆಯ ಮೇಲಿನ ಗಂಟು ಮೆಲ್ಲಗೆ ನದಿಯ ಕಡೆಗೆ ವಾಲತೊಡಗಿತು.

ಅವಳು ಹಿಂದಿರುಗಿ ನೋಡಲೂ ಇಲ್ಲ.

“ನೆಲ ನೋಡ್ಲೇಬೇಕು ಅಂದ್ರೆ, ನನ್ನ ಹೆಜ್ಜೆ ನೋಡ್ಕೊಂಡು ಬಾ.”